ರಾಹುಕಾಲ ಕಳೆಯಲು ಕಾದ ಹೆರಿಗೆ

ಗೆಳೆಯರೇ, ಇವತ್ತಿನ ಖರ್ಚು ಇಷ್ಟು: ನಲ್ಲೂರಿನಿಂದ ದಾವಣಗೆರೆಗೆ ಬಾಡಿಗೆ ಕಾರು, ಎರಡು ಬಾಟಲಿ ರಕ್ತ, ಮುಕ್ಕಾಲು ಗಂಟೆ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಅಣ್ಣನ ಮಗಳು ಶಾಂತಾಳಿಗೆ ನಿನ್ನೆಯಿಂದ ನೋವು. ಆಸ್ಪತ್ರೆಯಲ್ಲಿ ಡಾಕ್ಟ್ರಮ್ಮ ಹೊಟ್ಟೆ ಮುಟ್ಟಿ ನೋಡಿ, "ಮಗು ಅಡ್ಡ ಐತೆ. ತಾನಾಗಿ ಹೆರಿಗೆ ಆಗಲ್ಲ. ಈಗಲೇ ಆಪರೇಷನ್ ಆಗ್ಬೇಕು, ಸಹಿ ಹಾಕ್ರಿ" ಅಂದರು.

ಅಳಿಯ ಇನ್ನೂ ಜಗಳೂರಲ್ಲೇ ಇದ್ದ. ಬಂದಿದ್ದವರು ಅವನ ಅಪ್ಪ, ನಮ್ಮ ಬೀಗರು. ಅವರು ಗಡಿಯಾರ ನೋಡಿದರು. ಶುಕ್ರವಾರ, ಹನ್ನೊಂದೂಕಾಲು.

"ತಾನಾಗಿ ಹುಟ್ಟಿದ್ರೆ ಗಳಿಗೆ ದೇವರದು ತಾಯೀ. ಕೊಯ್ದು ತೆಗಿಯಾಕೆ ಗಳಿಗೆ ನಾವೇ ನೋಡ್ಬೇಕಲ್ಲ? ಹನ್ನೆರಡರ ತನಕ ರಾಹುಕಾಲ ಐತೆ."

"ಮಗೂಗೆ ರಾಹು ಗೊತ್ತಿಲ್ಲ ಯಜಮಾನ್ರೇ. ಅದರ ಎದೆಬಡಿತ ಇಳೀತಾ ಐತೆ."

"ಪೆನ್ನು ಕೊಡ್ರಿ ಬೀಗರೇ, ನಾನು ಹಾಕ್ತೀನಿ" ಅಂದೆ.

"ಗಂಡನ ಮನೆಯೋರು ನಾವಿದೀವಲ್ರೀ, ನೀವ್ಯಾಕೆ?"

ಅಣ್ಣ ತಲೆ ಎತ್ತಲಿಲ್ಲ. "ಕೊಟ್ಟ ಹೆಣ್ಣು. ಸುಮ್ನಿರೋ ತಮ್ಮಾ" ಅಂದ.

ಹನ್ನೆರಡು ಹೊಡೆದ ಮೇಲೆ ಸಹಿ ಬಿತ್ತು. ಮಗು ಅಳಲೇ ಇಲ್ಲ.

ಬೀಗರಿಗೆ ಒಳ್ಳೆಯ ಗಳಿಗೆ ಸಿಕ್ಕಿತು. ಅಣ್ಣನಿಗೆ ಬೀಗತನ ಉಳಿಯಿತು. ಶಾಂತಾಳಿಗೆ ಜೀವ ಉಳಿಯಿತು, ಹೊಟ್ಟೆಯ ಮೇಲೆ ಹೊಲಿಗೆ ಬಂತು. ನಾಡಿದ್ದು ಎದೆಗೆ ಹಾಲೂ ಬರುತ್ತದಂತೆ, ಕುಡಿಯುವವರಿಲ್ಲ.