ಬೋರ್ಡಿನ ಬಾಯಿಗೆ ಇಟ್ಟ ಬೊಟ್ಟು

ನನಗೆ ಹಟ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಆ ಭಾನುವಾರ ನಾನು ಮನೆಯವರ ಮೇಲೆಲ್ಲ ಹಾರಾಡಿದ್ದೇಕೆ ಎಂಬುದು ಯಾರಿಗೂ ಅರ್ಥವಾಗುವುದಿಲ್ಲ.

ಮೈಸೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತಿದ್ದವಳು, ಗಂಡನ ಕೆಲಸಕ್ಕಾಗಿ ಡಬ್ಲಿನ್‌ಗೆ ಬಂದು ಒಂಬತ್ತು ವರ್ಷ ಮನೆಯಲ್ಲೇ ಉಳಿದೆ. ಕೊನೆಗೆ ಊರಂಚಿನ ಸ್ಯಾಂಟ್ರಿ ಬಡಾವಣೆಯ ಒಂದು ಸಣ್ಣ ಕಂಪನಿಯವರು ಆರು ವಾರ ನೋಡೋಣ ಎಂದು ಸೇರಿಸಿಕೊಂಡರು. ಗೋದಾಮಿನಲ್ಲಿ ಸಾಮಾನು ಎಳೆಯುವ ರೋಬೋಟ್ ಮಾಡುವವರು ಅವರು. ಐದು ವಾರ ಕಳೆದ ಮೇಲೆ ಒಂದು ಶುಕ್ರವಾರ, ‘ಸರಿ’ಗೂ ‘ಆಯ್ತು’ಗೂ ಎಲ್ಲದಕ್ಕೂ ‘ಗ್ರ್ಯಾಂಡ್’ ಎನ್ನುವ ನನ್ನ ಐರಿಶ್ ಮೇಲಧಿಕಾರಿ ಬೆಂಕಿಪೊಟ್ಟಣದಷ್ಟಿದ್ದ ಬೋರ್ಡೊಂದನ್ನು ಕೈಗಿಟ್ಟರು. ಅದಕ್ಕೆ ಒಂದು ಪುಟ್ಟ ಚಕ್ರ ಜೋಡಿಸಿತ್ತು. ಬೇಕಾದ ಸಾಫ್ಟ್‌ವೇರನ್ನೆಲ್ಲ ನಾನೇ ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಪ್ರೋಗ್ರಾಂ ಬರೆದು, ಸೋಮವಾರ ಆ ಚಕ್ರ ತಿರುಗಿಸಿ ತೋರಿಸಬೇಕು. ತಿರುಗಿದರೆ ಕೆಲಸ ಖಾಯಂ. ತಿರುಗದಿದ್ದರೆ ಏನೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಶನಿವಾರ ಆಯುಧ ಪೂಜೆ. ಮೂರು ತಿಂಗಳಿಗೆಂದು ಅತ್ತೆ ಮೈಸೂರಿನಿಂದ ಬಂದಿದ್ದರು. ಕಾರು, ಮಿಕ್ಸಿ, ಈಳಿಗೆಮಣೆ, ಗಂಡನ ಲ್ಯಾಪ್‌ಟಾಪು, ನನ್ನ ಲ್ಯಾಪ್‌ಟಾಪು, ಎಲ್ಲಕ್ಕೂ ಗಂಧ ಕುಂಕುಮ ಏರಿತು. ಅತ್ತೆಯ ಕಣ್ಣು ಬೋರ್ಡಿನ ಮೇಲೆ ಬಿತ್ತು.

“ಅದೂ ನಿನ್ನ ಆಯುಧನೇ ಅಲ್ವೇನಮ್ಮ? ಅದಕ್ಕೂ ಒಂದು ಬೊಟ್ಟಿಡು.”

ಬೋರ್ಡಿನ ಚಿಪ್‌ಗಳಿಗೆ ಬೆರಳು ತಾಕಿಸಬಾರದೆಂಬುದು ನನ್ನ ಹಳೆಯ ಶಿಸ್ತು. ಅದಕ್ಕೇ ಬಹಳ ಯೋಚಿಸಿ, ಬರೀ ಲೋಹವಿರುವ ಜಾಗವನ್ನೇ ಆರಿಸಿದೆ: ಕೇಬಲ್ ಚುಚ್ಚುವ ಬಾಯಿಯ ಅಂಚು. ಗಂಧ ಕೊಂಚ ನೀರಾಗಿತ್ತು. ಒಂದು ಹನಿ ಗಂಧ, ಅದರ ಮೇಲೆ ಚಿಟಿಕೆ ಕುಂಕುಮ. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವಂತಿಲ್ಲವಲ್ಲ, ಹಾಗಾಗಿ ಶನಿವಾರವೆಲ್ಲ ಅದು ದೇವರ ಮುಂದೆ ಹಾಯಾಗಿ ಒಣಗಿತು.

ಭಾನುವಾರ ವಿಜಯದಶಮಿ. ಹೊಸ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಿನ ಬೇಕೆ ಎಂದುಕೊಂಡು ತಿಂಡಿ ಮುಗಿಸಿ ಕೂತೆ. ಪ್ರೋಗ್ರಾಂ ಬರೆಯುವ ಎಡಿಟರ್ ಹಾಕಿದೆ. ಬರೆದದ್ದನ್ನು ಬೋರ್ಡಿಗೆ ತಿಳಿಯುವಂತೆ ಮಾಡುವ ಕಂಪೈಲರ್ ಹಾಕಿದೆ. ಬೋರ್ಡಿಗೂ ಲ್ಯಾಪ್‌ಟಾಪಿಗೂ ಪರಿಚಯ ಮಾಡಿಸುವ ಡ್ರೈವರ್ ಹಾಕಿದೆ. ಕೇಬಲ್ ಚುಚ್ಚಿದಾಗ ಬೋರ್ಡಿನ ಮೂಲೆಯಲ್ಲಿ ಹಸಿರು ದೀಪ ಹತ್ತಿತು. ಆದರೆ ಲ್ಯಾಪ್‌ಟಾಪು ಮಾತ್ರ ಯಾವ ಬೋರ್ಡೂ ಇಲ್ಲ ಎಂದಿತು.

ದೀಪ ಉರಿಯುತ್ತಿದೆ ಎಂದ ಮೇಲೆ ಬೋರ್ಡು ಸರಿ, ತಪ್ಪೆಲ್ಲ ಸಾಫ್ಟ್‌ವೇರಿನದು ಎಂದು ತೀರ್ಮಾನಿಸಿದೆ. ಡ್ರೈವರ್ ಕಿತ್ತು ಮತ್ತೆ ಹಾಕಿದೆ. ಮೂರು ಸಲ. ಬೇರೆ ಕಂಪೈಲರ್ ತಂದೆ. ಎಲ್ಲ ಮನೆಗಳಲ್ಲೂ ಇರುವಂತೆ ನಮ್ಮಲ್ಲೂ ಬಿಸ್ಕತ್ತಿನ ಡಬ್ಬಿಯ ತುಂಬ ಹಳೆಯ ಕೇಬಲ್‌ಗಳಿದ್ದವು. ಎಲ್ಲವನ್ನೂ ಒಂದೊಂದಾಗಿ ಚುಚ್ಚಿ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಗಂಡ ಬಾಗಿಲಲ್ಲಿ ನಿಂತು, “ನಾಳೆ ಆಫೀಸ್‌ನಲ್ಲೇ ಯಾರನ್ನಾದ್ರೂ ಕೇಳೇ, ಹೇಳ್ಕೊಡ್ತಾರೆ,” ಎಂದರು.

“ಕೇಳಲ್ಲ ಕಣ್ರೀ. ಒಂಬತ್ತು ವರ್ಷ ಮನೇಲಿದ್ದೋಳಿಗೆ ಏನೂ ಬರಲ್ಲ ಅಂತ ಅವರ ಬಾಯಲ್ಲಿ ನಾನೇ ಹೇಳಿಸಲಾ? ನೀವು ಹೋಗಿ ಅನ್ನಕ್ಕಿಡಿ.”

ಅವರು ತೆಪ್ಪಗೆ ಹೋಗಿ ಅನ್ನಕ್ಕಿಟ್ಟರು. ನನಗೆ ಆಗ ನಿಜವಾಗಿಯೂ ಭಯವಾಗಿತ್ತು. ಭಯವಾದಾಗ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಈ ಚಕ್ರ ತಿರುಗುವವರೆಗೂ ಮೇಲೇಳುವುದಿಲ್ಲ ಎಂದು ನಿರ್ಧರಿಸಿದೆ.

ಊಟದ ತಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡು ಡ್ರೈವರನ್ನು ನಾಲ್ಕನೆಯ ಸಲ ಹಾಕುತ್ತಿದ್ದಾಗ, ಮೈಸೂರಿನ ಲ್ಯಾಬಿನಲ್ಲಿ ಹುಡುಗರಿಗೆ ವರ್ಷಕ್ಕೆ ನೂರು ಸಲ ನಾನೇ ಗದರುತ್ತಿದ್ದ ಮಾತು ನೆನಪಾಯಿತು: ಮೊದಲು ಕಣ್ಣಿಂದ ನೋಡ್ರೋ, ಆಮೇಲೆ ಮೀಟರ್ ಹಿಡೀರಿ. ಬೆಳಗಿನಿಂದ ನಾನು ಪರದೆಯನ್ನು ನೋಡಿದ್ದೆನೇ ಹೊರತು ಬೋರ್ಡನ್ನು ನೋಡಿರಲಿಲ್ಲ. ಕೇಬಲ್ ಕಿತ್ತು ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬಾಯಿಯೊಳಗೆ ಇಳಿದ ಗಂಧ ನಡುವಿನ ಎರಡು ತಂತಿಗಳ ಮೇಲೆ ಗಟ್ಟಿಯಾಗಿ ಕೂತಿತ್ತು, ಕೆಂಪಗೆ. ದೀಪಕ್ಕೆ ಕರೆಂಟು ಕೊಡುವ ತಂತಿಗಳು ಎರಡೂ ಅಂಚುಗಳಲ್ಲಿ. ಮಾಹಿತಿ ಹೋಗುವುದು ಮಾತ್ರ ನಡುವಿನಿಂದ.

“ನೋಡಿ ಅತ್ತೆ! ನೀವು ಬೊಟ್ಟಿಡು ಅಂದಿದ್ದಕ್ಕೇ ಇಷ್ಟೆಲ್ಲ ಆಗಿದ್ದು!”

ಅತ್ತೆ ಕನ್ನಡಕ ಏರಿಸಿಕೊಂಡು ಬಂದು ನೋಡಿದರು. “ಇಡು ಅಂದೆ, ನಿಜ. ಎಲ್ಲಿಡಬೇಕು ಅಂತ ನಾನು ಹೇಳಿದ್ನಾ? ಬೊಟ್ಟನ್ನ ಹಣೆಗಿಡ್ತಾರೆ ಕಣಮ್ಮ, ಬಾಯೊಳಗೆ ಇಡ್ತಾರಾ?”

ನನಗೆ ನಾಚಿಕೆಯಾಯಿತು. ಅಷ್ಟು ಯೋಚಿಸಿ ಜಾಗ ಆರಿಸಿದವಳು ನಾನು, ದೂರಿದ್ದು ಅವರನ್ನು. “ತಪ್ಪಾಯ್ತು ಅತ್ತೆ,” ಎಂದೆ. ಅವರು ದೇವರ ಗೂಡಿನಿಂದ ಹತ್ತಿ ತಂದು, ಸೂಜಿಯಷ್ಟು ತೆಳ್ಳಗೆ ಬತ್ತಿ ಹೊಸೆದು ಕೊಟ್ಟರು. ಅದನ್ನು ಸ್ಪಿರಿಟ್‌ನಲ್ಲಿ ಅದ್ದಿ ಅದ್ದಿ ಬಾಯಿಯ ಒಳಗನ್ನು ಒರೆಸಿದೆ. ಏಳು ಬತ್ತಿ ಕೆಂಪಾದವು, ಎಂಟನೆಯದು ಬೆಳ್ಳಗೇ ಉಳಿಯಿತು. ಆರಲು ಬಿಟ್ಟು ಕೇಬಲ್ ಚುಚ್ಚಿದರೆ ಲ್ಯಾಪ್‌ಟಾಪು ಬೋರ್ಡನ್ನು ಥಟ್ಟನೆ ಗುರುತಿಸಿತು. ಪ್ರೋಗ್ರಾಂ ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಊಟದ ಮೇಜಿನ ಮೇಲೆ ಚಕ್ರ ಗಿರಗಿರನೆ ತಿರುಗಿದಾಗ ಮೂವರೂ ಬಗ್ಗಿ ನೋಡಿದೆವು.

ಸೋಮವಾರ ಆಫೀಸಿನಲ್ಲೂ ತಿರುಗಿತು. “ಗ್ರ್ಯಾಂಡ್,” ಎಂದ ಮೇಲಧಿಕಾರಿ ಬೋರ್ಡನ್ನು ಹತ್ತಿರ ಹಿಡಿದು, ಬಾಯಿಯ ಹೊರ ಅಂಚಿನಲ್ಲಿ ಉಳಿದಿದ್ದ ಕೆಂಪು ಏನೆಂದು ಕೇಳಿದರು. ತುಕ್ಕು ಎನ್ನಬಹುದಿತ್ತು. ಸಂದರ್ಶನದಲ್ಲಿ ಒಂಬತ್ತು ವರ್ಷದ ಬಗ್ಗೆ ಕೇಳಿದಾಗ ಹೀಗೆಯೇ ಏನೋ ಗೊಣಗಿ ತಪ್ಪಿಸಿಕೊಂಡಿದ್ದೆ. ಈ ಸಲ ಪೂಜೆ, ಬೊಟ್ಟು, ಬತ್ತಿ, ಅತ್ತೆಯ ಮಾತು, ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ಮುಂದೆ ಸೇರುವವರಿಗಾಗಿ ಈ ಸಿದ್ಧತೆಯ ಹಂತಗಳನ್ನೆಲ್ಲ ಬರೆದಿಡಿ, ಮುಂದಿನ ತಿಂಗಳು ಇಬ್ಬರು ಬರುತ್ತಿದ್ದಾರೆ, ಅವರಿಗೆ ನೀವೇ ಕಲಿಸಬೇಕು ಎಂದರು.

ಅದೇ ಮಧ್ಯಾಹ್ನ ಬರೆಯಲು ಕೂತೆ. ಎಡಿಟರ್, ಕಂಪೈಲರ್, ಡ್ರೈವರ್ ಎಲ್ಲ ಎರಡನೆಯ ಹಂತದಿಂದ ಶುರು. ಮೊದಲನೆಯ ಹಂತ ಒಂದೇ ಸಾಲು: ಬೋರ್ಡನ್ನು ಕಿಟಕಿಯ ಹತ್ತಿರ ಒಯ್ದು, ಅದರ ಬಾಯಿಯೊಳಗೆ ನೋಡಿ.