ಎಂಜಿನ್ ಜ್ವರದ ಮಿಸ್ತ್ರಿ

ಡ್ರೈವರ್ ಭಗವಂತ, ಗಾಡಿ ರಿಪೇರಿಯ ಚಂದ್ರಾಮಪ್ಪ ಮಿಸ್ತ್ರಿಯನ್ನು ಮೊದಲು ಕಂಡದ್ದು ೧೯೭೩ರ ಮೇ ತಿಂಗಳ ಮಧ್ಯಾಹ್ನ, ವಾಡಿ ಊರು ದಾಟಿದ ಮೇಲಿನ ರಸ್ತೆಯಲ್ಲಿ. ಹೆರಿಗೆ ನೋವು ಹತ್ತಿದ್ದ ಲಾಲಮ್ಮ ಎಂಬಾಕೆಯನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ಅವನ ಅಂಬಾಸಿಡರ್ ಕಾರು ನಿಂತುಬಿಟ್ಟಿತ್ತು. ಕಾದ ಎಂಜಿನ್ನಿಗೆ ಸುರಿಯಲು ಭಗವಂತ ನೀರಿನ ಕೊಡ ಎತ್ತಿದ್ದೇ ತಡ, ಸೈಕಲ್ಲಿನಿಂದ ಇಳಿದ ಮಿಸ್ತ್ರಿ ಗದರಿದ: "ಕಾದ ಹಂಚಿನ ಮ್ಯಾಲ ನೀರು ಹಾಕ್ತೀ ಏನೋ ತಮ್ಮಾ? ಒಡೀತದ! ಹೊಗಿ ಹೋಗೋ ಮ್ಯಾನಿಫೋಲ್ಡ್ ಕೊಳವಿ ಕಾದು, ಬಾಜೂಕಿನ ಕಾರ್ಬೊರೇಟರಿನ್ಯಾಗ ಪೆಟ್ರೋಲ್ ಕುದಿಲಿಕತ್ತದ." ಯಾವ ಗಾಡಿಗೂ ಆತ ಮೊದಲೇ ನಟ್ಟು ಬಿಚ್ಚುವ ಪಾನಾ ಹಚ್ಚುವವನಲ್ಲ, ಅಂಗೈ ಚಾಚಿ, ಕಣ್ಣು ಮುಚ್ಚಿ ಎಂಜಿನ್ನಿನ ಜ್ವರ ನೋಡುತ್ತಾನೆ. ಫರ್ಲಾಂಗು ದೂರದಿಂದಲೇ ನೋಡಬಲ್ಲ ಎಂದು ಭಗವಂತ ಇಂದಿಗೂ ಬೀಗುತ್ತಾನೆ. ಸಾಹೇಬರ ಮುಂದೂ, ಉಣ್ಣಲು ಕುಂತಾಗಲೂ ತೆಗೆಯದ ತಲೆಯ ರುಮಾಲನ್ನು ಮಿಸ್ತ್ರಿ ಅಂದು ಬಿಚ್ಚಿ, ಕೊಡದಲ್ಲಿ ಅದ್ದಿ, ಕಾರ್ಬೊರೇಟರಿಗೆ ಸುತ್ತಿ, ಬರಿದಲೆಯಲ್ಲಿ ಬಿಸಿಲಿಗೆ ನಿಂತ. ಪೆಟ್ರೋಲ್ ತಣಿದು ಗಾಡಿ ಹೊರಟಿತು, ಲಾಲಮ್ಮ ಆಸ್ಪತ್ರೆಯಲ್ಲೇ ಹೆತ್ತಳು. ಈಗ ಮಿಸ್ತ್ರಿ ಶಹಾಬಾದಿನಲ್ಲಿ ಕಾರ್ಬೊರೇಟರಿಗೆ ಕಾವು ತಟ್ಟದಂತೆ ಕಾರುಗಳ ಮ್ಯಾನಿಫೋಲ್ಡಿಗೆ ತಗಡಿನ ಮರೆ ಕೂಡಿಸುತ್ತಾನೆ.