ಫ್ರೇಮಿನೊಳಗಿನ ಬಳಚು

ನಾನು ಪೆನ್ನು ಹಿಡಿದರೆ ಸಾಕು, ಮಗಳಿಗೆ ಹಸಿವಾಗುತ್ತದೆ. ಮತ್ತೆ ಕರೆದಳು, ತಿನ್ನಲು ಕೊಟ್ಟು ಬಂದೆ.

ಗಂಡನಿಗೆ ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾದಾಗ ಸಾಮಾನು ಸಾಗಿಸುವಲ್ಲಿ ಮದುವೆ ಫೋಟೋದ ಗಾಜು ಒಡೆಯಿತು. ಮಗಳನ್ನೂ ಕರೆದುಕೊಂಡು ಫ್ರೇಮಿನ ಅಂಗಡಿಗೆ ಹೋದೆ. ಗೋಡೆಯ ಮೇಲೆ ಕಡಲ ಚಿಪ್ಪುಗಳ ಹಳೇ ಅಚ್ಚುಚಿತ್ರ, ಕೈಯಲ್ಲೇ ಬಣ್ಣ ತುಂಬಿದ್ದು. ನಡುವೆ ನಮ್ಮ ಕುಮಟೆಯ ಬಳಚು ಚಿಪ್ಪು, ಅದೇ ನೇರಳೆ ಅಂಚು! ಬೆರಳು ತಾನಾಗಿ ಮುಂದೆ ಹೋಯಿತು.

“ಮುಟ್ಟಬೇಡಿ ಅಮ್ಮಾ, ಇಂಗ್ಲಿಷ್ ದೊರೆಗಳ ಕಾಲದ್ದು,” ಎಂದ ಅಂಗಡಿಯವ.

“ನಮ್ಮೂರಲ್ಲಿ ಇದರೊಳಗಿನ ಮಾಂಸಕ್ಕೆ ಕಾಯಿ ಅರೆದು ಸಾರು ಮಾಡ್ತೇವೆ.”

“ಇದನ್ನ ತಿಂತೀರಾ?”

“ಮತ್ತೆ, ಗೋಡೆಗೆ ತೂಗು ಹಾಕ್ತೇವಾ?”

ಹೇಳುವಾಗಲೇ ಬಾಯಲ್ಲಿ ನೀರೂರಿತು. ಅವ್ವ ಮಾಡಿದ ಸಾರು ಉಂಡು ವರ್ಷಗಳಾಗಿದ್ದವು. “ನಮ್ಮೂರಿಗೆ ಹೋದಾಗ ತಿನ್ನುವೆಯಂತೆ,” ಎಂದೆ ಮಗಳಿಗೆ.

ಅವಳು ತೆಲುಗಿನಲ್ಲಿ ಕೇಳಿದಳು: “ಅದು ನಿನ್ನೂರಲ್ವಾ ಅಮ್ಮಾ? ನನ್ನೂರು ಯಾವುದು?”